‘ಅವಿವಾಹಿತ’ ಎಂಬ ಪತ್ರಕ್ಕೆ ಸಹಿ ಹಾಕುವ ಮುನ್ನ

ಜುಮುಆ ನಮಾಝ್ ಮುಗಿದು ಜನರು ಮಸೀದಿಯ ಅಂಗಳದಿಂದ ಚದುರುತ್ತಿದ್ದ ಹೊತ್ತು. ನಮ್ಮ ಮೊಹಲ್ಲಾದ ಹಿರಿಯರೊಬ್ಬರು ಕಮಿಟಿಯ ಕೋಣೆಗೆ ಬಂದು, ಗಲ್ಫ್‌ನಲ್ಲಿರುವ ತಮ್ಮ ಮಗನಿಗಾಗಿ ಒಂದು ಪತ್ರ ಬೇಕೆಂದರು. ಅಲ್ಲಿಯೇ ನೆಲೆಸಿರುವ ಕುಟುಂಬವೊಂದರ ಹುಡುಗಿಯೊಡನೆ ಸಂಬಂಧ ನಿಶ್ಚಯವಾಗಿದೆ, ನಿಕಾಹ್ ಕೂಡ ಅಲ್ಲಿಯೇ. ಹುಡುಗ ಅವಿವಾಹಿತನೆಂದು ಊರಿನ ಜಮಾಅತ್ ದೃಢೀಕರಿಸಬೇಕಂತೆ. “ನಮ್ಮ ಹುಡುಗನನ್ನು ನೀವು ಬಲ್ಲಿರಲ್ಲ ಹಾಜ್ಯಾರೇ” ಎಂದರು. ಬಲ್ಲೆ. ಆತ ನಮ್ಮ ಮದ್ರಸಾದಲ್ಲಿ ಕಲಿತದ್ದು, ಪಿಯುಸಿ ಮುಗಿಸಿದ್ದು, ಇಪ್ಪತ್ತೊಂದರ ಪ್ರಾಯದಲ್ಲಿ ವಿಮಾನ ಹತ್ತಿದ್ದು ಎಲ್ಲವನ್ನೂ ಬಲ್ಲೆ. ಜಮಾಅತ್‌ನ ಲೆಟರ್‌ಹೆಡ್ ತೆಗೆದು, ಸದರಿ ವ್ಯಕ್ತಿಯು ನಮ್ಮ ಜಮಾಅತ್‌ನ ಸದಸ್ಯನೆಂದೂ ಇದುವರೆಗೆ ವಿವಾಹವಾಗಿರುವುದಿಲ್ಲವೆಂದೂ ಬರೆದು, ಸಹಿ ಹಾಕಿ, ಮೊಹರು ಒತ್ತಿಕೊಟ್ಟೆ. ಐದು ನಿಮಿಷದ ಕೆಲಸ. ಹಿರಿಯರು ದುಆ ಮಾಡಿ ಹೊರಟರು.

ಒಂದೂವರೆ ವರ್ಷದ ನಂತರ ಬೇರೊಂದು ಜಿಲ್ಲೆಯಿಂದ ಮಹಿಳೆಯೊಬ್ಬರು ಫೋನ್ ಮಾಡಿದರು. ನಾನು ಆ ಪತ್ರ ಬರೆಯುವುದಕ್ಕೆ ಎರಡು ವರ್ಷ ಮೊದಲೇ, ರಜೆಯಲ್ಲಿ ಬಂದಿದ್ದ ಆ ಯುವಕ ಅವರ ಮಗಳನ್ನು ನಿಕಾಹ್ ಮಾಡಿಕೊಂಡಿದ್ದ. ಅವರ ಊರಿನ ಮಸೀದಿಯಲ್ಲಿ, ಅವರ ಊರಿನ ಖತೀಬರ ಮುಂದೆ ನಡೆದ ನಿಕಾಹ್ ಅದು. ನಮ್ಮೂರಿಗೆ ಸುದ್ದಿ ಬಂದಿರಲಿಲ್ಲ. ಆತನ ತಂದೆಗೆ ತಿಳಿದಿತ್ತೇ ಎಂಬುದು ಇಂದಿಗೂ ನನಗೆ ಖಚಿತವಿಲ್ಲ. ನನ್ನ ಸಹಿ ಇದ್ದ ಪತ್ರದ ಫೋಟೊ ಯಾರಿಂದಲೋ ಆ ತಾಯಿಯ ಮೊಬೈಲಿಗೆ ಬಂದು ಸೇರಿತ್ತು. ಅವರು ಬಯ್ಯಲಿಲ್ಲ. “ಬರೆಯುವ ಮೊದಲು ಅವನನ್ನೊಮ್ಮೆ ಕೇಳಿದ್ದಿರಾ ಕಾಕಾ?” ಎಂದಷ್ಟೇ ವಿಚಾರಿಸಿದರು.

ನಾನು ಕೇಳಿರಲಿಲ್ಲ.

ಈ ಲೇಖನವನ್ನು ಬರೆಯುತ್ತಿರುವುದು ಆ ಯುವಕನನ್ನು ಹಳಿಯುವುದಕ್ಕಲ್ಲ. ನಮ್ಮ ಕರಾವಳಿಯ ಯಾವುದೇ ಜಮಾಅತ್‌ನ ಪದಾಧಿಕಾರಿಗೂ ಇಂಥ ಪತ್ರ ಹೊಸದಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗಿ ದುಡಿಯುವುದು ತಲೆಮಾರುಗಳಿಂದ ನಡೆದುಬಂದಿದೆ. ಈಗ ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಮದುವೆಯ ಪ್ರಾಯಕ್ಕೆ ಬಂದಿದ್ದಾರೆ. ಜರ್ಮನಿ, ಬ್ರಿಟನ್, ಮಲೇಶ್ಯಾಗಳಿಗೆ ಓದಲು ಹೋದವರೂ ಇದ್ದಾರೆ. ವಿದೇಶದಲ್ಲಿ ವಿವಾಹವಾಗಬೇಕಾದರೆ ಅಲ್ಲಿನ ನ್ಯಾಯಾಲಯವೋ ನೋಂದಣಿ ಕಚೇರಿಯೋ ‘ನಿಮಗೆ ಈಗಾಗಲೇ ವಿವಾಹವಾಗಿದೆಯೇ’ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಬಯಸುತ್ತದೆ. ಗಲ್ಫ್‌ನಲ್ಲಿ ಇದನ್ನು ಸಿಂಗಲ್ ಸ್ಟೇಟಸ್ ಸರ್ಟಿಫಿಕೇಟ್ ಅಥವಾ ಬ್ಯಾಚುಲರ್ ಸರ್ಟಿಫಿಕೇಟ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ‘ವಿವಾಹಕ್ಕೆ ಅಡ್ಡಿಯಿಲ್ಲ’ ಎಂಬ ಅರ್ಥದ ಹೆಸರಿದೆ. ಹೆಸರು ಯಾವುದಾದರೂ ಪ್ರಶ್ನೆ ಒಂದೇ.

ಈ ಪ್ರಶ್ನೆಗೆ ಉತ್ತರ ಕೊಡುವುದು ಕೆಲವು ದೇಶಗಳಿಗೆ ಸುಲಭ. ಫಿಲಿಪ್ಪೀನ್ಸ್‌ನ ನಾಗರಿಕನಾದರೆ ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯು ದೇಶದ ವಿವಾಹ ದಾಖಲೆಗಳನ್ನೆಲ್ಲ ಹುಡುಕಿ, ಈ ಹೆಸರಿನಲ್ಲಿ ವಿವಾಹದ ದಾಖಲೆಯಿಲ್ಲವೆಂದು ಬರೆದುಕೊಡುತ್ತದೆ. ಅದಕ್ಕೆ ‘ಸೆನೊಮಾರ್’ ಎಂಬ ಹೆಸರೇ ಇದೆ. ನಮ್ಮ ದೇಶದಲ್ಲಿ ಅಂಥ ಒಂದು ಕೇಂದ್ರ ದಾಖಲೆ ಇಲ್ಲ. ಜನನ ಮತ್ತು ಮರಣಗಳ ನೋಂದಣಿಗೆ 1969ರ ಕಾಯ್ದೆ ಇದೆ. ವಿವಾಹದ ಮಟ್ಟಿಗೆ ಎಲ್ಲ ಧರ್ಮೀಯರ ವಿವಾಹವೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು, ನಮ್ಮ ರಾಜ್ಯದಲ್ಲಿ ಅದಕ್ಕೂ ಹಿಂದಿನ 1976ರ ಕಾಯ್ದೆಯೇ ಇದೆ. ಆದರೂ ಜಮಾಅತ್‌ನ ನಿಕಾಹ್ ಪುಸ್ತಕದಲ್ಲಿ ಬರೆದು, ಮುಂದೆ ವೀಸಾ ಬೇಕಾದಾಗಲಷ್ಟೇ ಸರಕಾರಿ ಕಚೇರಿಯತ್ತ ಹೋಗುವವರೇ ನಮ್ಮಲ್ಲಿ ಹೆಚ್ಚು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಸಂಗಾತಿಯ ಹೆಸರಿಗೆ ಜಾಗವಿದೆ. ಹತ್ತು ವರ್ಷದ ಪಾಸ್‌ಪೋರ್ಟ್ ಅದರ ನಡುವೆ ಆದ ನಿಕಾಹ್ ಅನ್ನು ತಾನಾಗಿ ಹೇಳುವುದಿಲ್ಲ.

ಹೀಗಿರುವುದರಿಂದ ಭಾರತೀಯನ ಅವಿವಾಹಿತ ಸ್ಥಿತಿಗೆ ಆಧಾರ ಆತನ ಮಾತೇ. ಛಾಪಾ ಕಾಗದದ ಮೇಲೆ ನೋಟರಿಯ ಮುಂದೆ ಪ್ರಮಾಣ ಮಾಡುತ್ತಾನೆ, ತಂದೆ ಅಥವಾ ತಾಯಿಯೂ ಹಾಗೆಯೇ ಪ್ರಮಾಣ ಮಾಡುತ್ತಾರೆ. ಕೆಲವೆಡೆ ತಹಶೀಲ್ದಾರರ ದೃಢೀಕರಣವನ್ನೂ, ಕೆಲವೆಡೆ ಮಸೀದಿಯ ಪತ್ರವನ್ನೂ ಜೊತೆಗಿಡುತ್ತಾರೆ. ಅನಂತರ ರಾಜ್ಯ ಸರಕಾರದ ಅಧಿಕಾರಿಯ ಮುದ್ರೆ, ಆ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ‘ಅಪಾಸ್ಟಿಲ್’ ಎಂಬ ಚೀಟಿಯೇ ಸಾಕು. ಭಾರತ 2005ರಲ್ಲಿ ಅದಕ್ಕೆ ಸೇರಿತು. ಗಲ್ಫ್‌ನಲ್ಲಿ ಒಮಾನ್ 2012ರಲ್ಲಿ, ಬಹ್ರೈನ್ 2013ರಲ್ಲಿ, ಸೌದಿ ಅರೇಬಿಯಾ 2022ರಲ್ಲಿ ಅದರ ವ್ಯಾಪ್ತಿಗೆ ಬಂದವು. ಯುಎಇ, ಕತರ್, ಕುವೈತ್‌ಗಳಿಗಾದರೆ ಆಯಾ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಎಲ್ಲ ಮುಗಿಯುವಾಗ ಒಂದು ಹಾಳೆಯ ಹಿಂದೆ ಮುಂದೆ ನಾಲ್ಕೈದು ಮುದ್ರೆಗಳು ಬಿದ್ದಿರುತ್ತವೆ. ನೋಡಿದವರಿಗೆ ಇಡೀ ಸರಕಾರವೇ ಈ ಹುಡುಗ ಅವಿವಾಹಿತನೆಂದು ಸಾರುತ್ತಿರುವಂತೆ ತೋರುತ್ತದೆ.

ವಾಸ್ತವ ಹಾಗಿಲ್ಲ. ಅಪಾಸ್ಟಿಲ್ ದೃಢೀಕರಿಸುವುದು ಸಹಿಯನ್ನು ಮತ್ತು ಸಹಿ ಹಾಕಿದವರ ಹುದ್ದೆಯನ್ನು. ಪತ್ರದೊಳಗೆ ಬರೆದಿರುವುದು ಸತ್ಯವೆಂದು ಅದು ಹೇಳುವುದಿಲ್ಲ. ಮೇಲಿನ ಅಧಿಕಾರಿಯು ಕೆಳಗಿನವರ ಸಹಿಯನ್ನು ನೋಡುತ್ತಾನೆ, ಅವರು ನೋಟರಿಯ ಸಹಿಯನ್ನು ನೋಡುತ್ತಾರೆ, ನೋಟರಿಯು ಮುಂದೆ ನಿಂತವನ ಗುರುತನ್ನು ನೋಡುತ್ತಾರೆ. ಆತನಿಗೆ ಮದುವೆಯಾಗಿದೆಯೇ ಎಂಬ ಸಂಗತಿಯ ಬಗ್ಗೆ ಮಾತನಾಡುವವರು ಈ ಇಡೀ ಸರಪಳಿಯಲ್ಲಿ ಇಬ್ಬರು ಮೂವರಷ್ಟೇ: ಆತ, ಆತನ ಹೆತ್ತವರು, ಮತ್ತು ಊರಿನ ಜಮಾಅತ್. ಅಂದರೆ ನಾವು ಮೇಜಿನ ಖಾನೆಯಿಂದ ತೆಗೆದು ಬರೆದುಕೊಡುವ ಆ ಲೆಟರ್‌ಹೆಡ್, ನಾವು ಭಾವಿಸಿರುವಂತೆ ‘ಜೊತೆಗೊಂದು ಇರಲಿ’ ಎಂಬ ಕಾಗದವಲ್ಲ. ಹುಡುಗಿಯ ತಂದೆ ಉಳಿದ ಮುದ್ರೆಗಳನ್ನು ಓದಲಾರ. ಮಸೀದಿಯ ಹೆಸರನ್ನು ಓದುತ್ತಾನೆ ಮತ್ತು ನಂಬುತ್ತಾನೆ.

ಇಸ್ಲಾಮಿನ ಭಾಷೆಯಲ್ಲಿ ಇದಕ್ಕೆ ಶಹಾದತ್ ಎನ್ನುತ್ತಾರೆ, ಸಾಕ್ಷ್ಯ. ಅರಿವಿಲ್ಲದ ವಿಷಯದ ಹಿಂದೆ ಬೀಳಬಾರದು, ಕಿವಿ, ಕಣ್ಣು, ಹೃದಯ ಎಲ್ಲವೂ ವಿಚಾರಣೆಗೆ ಒಳಪಡುತ್ತವೆ ಎಂದು ಪವಿತ್ರ ಕುರ್‌ಆನ್ (17: 36) ಎಚ್ಚರಿಸಿದೆ. ನ್ಯಾಯದ ಪರ ಸಾಕ್ಷಿಗಳಾಗಿ ನಿಲ್ಲಬೇಕು, ಅದು ಸ್ವತಃ ನಮಗೋ ತಂದೆ ತಾಯಿಗೋ ಬಂಧುಗಳಿಗೋ ವಿರುದ್ಧವಾದರೂ ಸರಿ ಎಂಬುದು ಅನ್ನಿಸಾ ಅಧ್ಯಾಯದ (4: 135) ಆದೇಶ. ಮಹಾಪಾಪಗಳನ್ನು ಎಣಿಸುತ್ತಿದ್ದ ಪ್ರವಾದಿವರ್ಯರು(ಸ) ಸುಳ್ಳು ಸಾಕ್ಷ್ಯದ ಪ್ರಸ್ತಾಪ ಬಂದಾಗ, ಒರಗಿ ಕುಳಿತಿದ್ದವರು ನೆಟ್ಟಗೆ ಎದ್ದು ಕುಳಿತು, ಇನ್ನು ನಿಲ್ಲಿಸಬಾರದೇ ಎಂದು ಅನುಚರರಿಗೆ ಅನಿಸುವಷ್ಟು ಸಲ ಅದನ್ನು ಪುನರುಚ್ಚರಿಸಿದರೆಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿದೆ. ನಾವು ಈ ಹದೀಸ್ ಅನ್ನು ನ್ಯಾಯಾಲಯದ ಕಟಕಟೆಗೆ ಅನ್ವಯಿಸುತ್ತೇವೆ. ಕಮಿಟಿಯ ಕೋಣೆಗೆ ಅನ್ವಯಿಸುವುದಿಲ್ಲ. ಎಂಟು ವರ್ಷಗಳಿಂದ ಕಣ್ಣಿಗೆ ಬೀಳದ ಯುವಕನ ಬಗ್ಗೆ ‘ಇದುವರೆಗೆ ವಿವಾಹವಾಗಿರುವುದಿಲ್ಲ’ ಎಂದು ನಾನು ಬರೆದೆನಲ್ಲ, ಆ ‘ಇದುವರೆಗೆ’ ಎಂಬುದು ನನಗೆ ಎಲ್ಲಿಂದ ಬಂತು? ನನಗೆ ತಿಳಿದಿದ್ದುದು ಆತನ ಇಪ್ಪತ್ತೊಂದು ವರ್ಷಗಳಷ್ಟೇ.

ಇಲ್ಲಿ ಕೆಲವರು ಒಂದು ವಾದವನ್ನು ಮುಂದಿಡುತ್ತಾರೆ. ನಾನು ಇದನ್ನು ಒಂದಕ್ಕಿಂತ ಹೆಚ್ಚು ಬಾರಿ ಕೇಳಿದ್ದೇನೆ, ಅದೂ ವಿದ್ಯಾವಂತರ ಬಾಯಿಂದ. ‘ಶರೀಅತ್ ನಾಲ್ಕರವರೆಗೆ ಅನುಮತಿಸಿದೆ, ಇದ್ದರೂ ಆತನ ನಿಕಾಹ್‌ಗೆ ಅಡ್ಡಿಯಿಲ್ಲ, ಹಾಗಿರುವಾಗ ಅವಿವಾಹಿತ ಎಂದು ಬರೆದರೇನು, ಬರೆಯದಿದ್ದರೇನು?’

ಈ ವಾದ ಶರೀಅತ್‌ನ ಹೆಸರಿನಲ್ಲಿ ಶರೀಅತ್‌ಗೆ ಮಾಡುವ ಅವಮಾನ. ಅನುಮತಿಯೊಂದನ್ನು ಬಳಸಿಕೊಳ್ಳುವವನು ಅದನ್ನು ಬಹಿರಂಗವಾಗಿ ಬಳಸಬೇಕು. ಪತ್ನಿಯರ ನಡುವೆ ನ್ಯಾಯ ಪಾಲಿಸಲಾಗದೆಂಬ ಭಯವಿದ್ದರೆ ಒಬ್ಬಳೇ ಸಾಕೆಂದು ಅದೇ ವಚನ (4: 3) ನಿರ್ದೇಶಿಸಿದೆ. ಮೊದಲ ಪತ್ನಿಯ ಅಸ್ತಿತ್ವವನ್ನೇ ಛಾಪಾ ಕಾಗದದ ಮೇಲೆ ಅಳಿಸಿಹಾಕುವುದರಿಂದ ತನ್ನ ದಾಂಪತ್ಯವನ್ನು ಆರಂಭಿಸುವವನಿಂದ ಯಾವ ನ್ಯಾಯವನ್ನು ನಿರೀಕ್ಷಿಸಬಹುದು? ಇನ್ನು ಎರಡನೆಯವಳ ಮಾತು. ಆಕೆ ಒಪ್ಪಿದ್ದು ಅವಿವಾಹಿತನನ್ನು. ಒದ್ದೆ ಧಾನ್ಯವನ್ನು ರಾಶಿಯ ಅಡಿಯಲ್ಲಿಟ್ಟು ಮಾರುತ್ತಿದ್ದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಹೇಗೆ ತರಾಟೆಗೆ ತೆಗೆದುಕೊಂಡರೆಂಬುದು ನಮ್ಮ ಮದ್ರಸಾದ ಮಕ್ಕಳಿಗೂ ಗೊತ್ತು. ಒಂದು ಚೀಲ ಧಾನ್ಯಕ್ಕಿರುವ ಪ್ರಾಮಾಣಿಕತೆಯ ನಿಯಮ ಒಬ್ಬ ಹೆಣ್ಣುಮಗಳ ಇಡೀ ಬದುಕಿಗೆ ಇಲ್ಲವೇ?

ಮುಸ್ಲಿಮ್ ರಾಷ್ಟ್ರಗಳೇ ಈ ವಿಷಯವನ್ನು ಲಘುವಾಗಿ ಕಾಣುವುದಿಲ್ಲ. ಈಜಿಪ್ಟ್‌ನಲ್ಲಿ 1985ರ ಕಾಯ್ದೆಯ ಪ್ರಕಾರ ವರನು ವಿವಾಹದ ಕರಾರಿನಲ್ಲಿ ತನ್ನ ವೈವಾಹಿಕ ಸ್ಥಿತಿಯನ್ನು ಘೋಷಿಸಬೇಕು, ಪತ್ನಿಯಿದ್ದರೆ ಆಕೆಯ ಹೆಸರು ಮತ್ತು ವಾಸಸ್ಥಳವನ್ನು ಬರೆಯಬೇಕು. ಪಾಕಿಸ್ತಾನದಲ್ಲಿ 1961ರಿಂದಲೇ ಎರಡನೆಯ ವಿವಾಹಕ್ಕೆ ಮಧ್ಯಸ್ಥಿಕೆ ಮಂಡಳಿಯ ಅನುಮತಿ ಬೇಕು, ನಿಕಾಹ್‌ನಾಮೆಯಲ್ಲಿ ಹಾಲಿ ಪತ್ನಿಯ ಬಗ್ಗೆ ಪ್ರತ್ಯೇಕ ಅಂಕಣವಿದೆ. ಮೊರೊಕ್ಕೊ 2004ರಲ್ಲಿ ನ್ಯಾಯಾಧೀಶರ ಅನುಮತಿಯನ್ನು ಕಡ್ಡಾಯಗೊಳಿಸಿತು. ಹೊಸ ವಧುವಿಗೆ ವರನು ವಿವಾಹಿತನೆಂದು ಮೊದಲೇ ತಿಳಿಸಬೇಕು. ನಮ್ಮ ನೆರೆಯ ಕೇರಳದ ಹೈಕೋರ್ಟ್ 2025ರಲ್ಲಿ, ಮುಸ್ಲಿಮ್ ಪುರುಷನ ಎರಡನೆಯ ವಿವಾಹದ ನೋಂದಣಿಗೆ ಮೊದಲು ಮೊದಲ ಪತ್ನಿಯ ಮಾತನ್ನು ಆಲಿಸಬೇಕೆಂದು ಹೇಳಿತು. ಎಲ್ಲೆಡೆಯೂ ಕೇಳುವ ಪ್ರಶ್ನೆ ಒಂದೇ, ಮತ್ತು ಅದಕ್ಕೆ ನಿಜವಾದ ಉತ್ತರ ಬೇಕು. ಇನ್ನು ನಮ್ಮ ದೇಶದ ದಂಡಸಂಹಿತೆಯ ದ್ವಿಪತ್ನಿತ್ವದ ಕಲಮು ಮುಸ್ಲಿಮ್ ಪುರುಷನಿಗೆ ಸಾಮಾನ್ಯವಾಗಿ ಅನ್ವಯಿಸದು ಎಂದು ನೆಮ್ಮದಿಯಿಂದಿರುವವರು, ಪ್ರಮಾಣ ಮಾಡಿ ಸುಳ್ಳು ಹೇಳುವುದು ಬೇರೆಯೇ ಅಪರಾಧವೆಂಬುದನ್ನು ನೆನಪಿಡಲಿ. ಅದಕ್ಕೆ ಧರ್ಮದ ಭೇದವಿಲ್ಲ.

ಮತ್ತೊಂದು ಸಂಕೋಚವಿದೆ. ಅದು ಮೊದಲಿನದಕ್ಕಿಂತ ಗೌರವಯುತವಾದದ್ದು. ‘ಯಾರದೋ ಹಿನ್ನೆಲೆಯನ್ನು ಕೆದಕುವುದು ಗೀಬತ್ ಆಗುವುದಿಲ್ಲವೇ? ಒಬ್ಬನ ಮದುವೆ ಮುರಿದ ಪಾಪ ನಮಗೇಕೆ?’ ಎಂದು ನಮ್ಮ ಹಿರಿಯರು ಹಿಂಜರಿಯುತ್ತಾರೆ. ಹ. ಫಾತಿಮಾ ಬಿಂತ್ ಕೈಸ್(ರ)ರ ಪ್ರಕರಣ ಈ ಹಿಂಜರಿಕೆಗೆ ಉತ್ತರ. ಅವರಿಗೆ ತಲಾಖ್ ಆಗಿತ್ತು. ಇದ್ದತ್ ಮುಗಿದಾಗ ತಮಗೆ ತಿಳಿಸುವಂತೆ ಪ್ರವಾದಿವರ್ಯರು(ಸ) ಅವರಿಗೆ ಹೇಳಿದ್ದರು. ಮುಗಿದ ಬಳಿಕ ಅವರು ಬಂದು, ಮುಆವಿಯಾ ಮತ್ತು ಅಬೂ ಜಹ್ಮ್ ಇಬ್ಬರಿಂದಲೂ ಪ್ರಸ್ತಾಪ ಬಂದಿದೆಯೆಂದರು. ಒಬ್ಬರ ಬಳಿ ಹಣವಿಲ್ಲ, ಇನ್ನೊಬ್ಬರ ಹೆಗಲಿನಿಂದ ಕೋಲು ಇಳಿಯುವುದಿಲ್ಲ ಎಂದು ಪ್ರವಾದಿವರ್ಯರು(ಸ) ಮುಚ್ಚುಮರೆಯಿಲ್ಲದೆ ತಿಳಿಸಿ, ಉಸಾಮಾ(ರ)ರನ್ನು ವಿವಾಹವಾಗುವಂತೆ ಸಲಹೆಯಿತ್ತರು. ಇಬ್ಬರೂ ಗೌರವಾನ್ವಿತ ಸಹಾಬಿಗಳು. ಆದರೂ ವಿವಾಹದ ವಿಷಯದಲ್ಲಿ ಕೇಳಿದವರಿಗೆ ಸತ್ಯವನ್ನು ಹೇಳುವುದು ಹಕ್ಕು ತೀರಿಸುವುದೇ ಹೊರತು ನಿಂದೆಯಲ್ಲ. ಹ. ಉಕ್ಬಾ ಬಿನ್ ಹಾರಿಸ್(ರ) ವಿವಾಹವಾದ ಮೇಲೆ ಒಬ್ಬ ಮಹಿಳೆ ಬಂದು, ಗಂಡು ಹೆಣ್ಣು ಇಬ್ಬರಿಗೂ ತಾನೇ ಹಾಲುಣಿಸಿದ್ದೇನೆ ಎಂದಳು. ಅವರು ಮಕ್ಕಾದಿಂದ ಮದೀನಾದವರೆಗೆ ಸವಾರಿ ಮಾಡಿ ಬಂದು ಕೇಳಿದರು. ಇಂಥ ಮಾತು ಬಂದ ಮೇಲೆ ಮುಂದುವರಿಯುವುದೆಂತು ಎಂಬುದೇ ಪ್ರವಾದಿವರ್ಯರ(ಸ) ಉತ್ತರವಾಗಿತ್ತು. ಉಕ್ಬಾ ಆಕೆಯಿಂದ ಬೇರ್ಪಟ್ಟರು. ಒಂದು ಸಂದೇಹಕ್ಕಾಗಿ ಅಷ್ಟು ದೂರ ಸವಾರಿ ಮಾಡಿದ ಜನರ ಅನುಯಾಯಿಗಳು ನಾವು. ನಮಗೆ ಒಂದು ಫೋನ್ ಕರೆ ಭಾರವಾಗುತ್ತದೆ.

ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸಮುದಾಯದ ಇತ್ತೀಚಿನ ಚರಿತ್ರೆಯಲ್ಲಿಯೇ ಕಹಿ ಅಧ್ಯಾಯವಿದೆ. ಹೈದರಾಬಾದ್‌ನಲ್ಲಿ ಮತ್ತು ಮಲಬಾರಿನಲ್ಲಿ, ಹೊರದೇಶದಿಂದ ಬಂದ ವರರಿಗೆ ಬಡ ಮನೆಗಳ ಹುಡುಗಿಯರನ್ನು ಕೊಟ್ಟು, ಕೆಲವೇ ವಾರಗಳಲ್ಲಿ ಆತ ಹೊರಟುಹೋದ ಮೇಲೆ ವಿಳಾಸವೂ ಸಿಗದೆ ಕುಳಿತ ಕುಟುಂಬಗಳಿದ್ದವು. 1991ರಲ್ಲಿ ಹೈದರಾಬಾದ್‌ನಿಂದ ದಿಲ್ಲಿಗೆ ಹೊರಟ ವಿಮಾನದಲ್ಲಿ, ಮುದಿ ‘ಪತಿ’ಯ ಪಕ್ಕದಲ್ಲಿ ಅಳುತ್ತಾ ಕುಳಿತಿದ್ದ ಎಳೆಯ ಬಾಲಕಿಯನ್ನು ಗಗನಸಖಿಯೊಬ್ಬರು ಗುರುತಿಸಿದ ಪ್ರಕರಣ ದೇಶದಾದ್ಯಂತ ಸುದ್ದಿಯಾಯಿತು. ಅಲ್ಲಿಯೂ ನಿಕಾಹ್ ಓದಿಸಿದವರಿದ್ದರು, ಸಾಕ್ಷಿಗಳಿದ್ದರು. ಆ ಮಗುವಿನ ಪ್ರಾಯವೆಷ್ಟು, ಬಂದವನಿಗೆ ಊರಿನಲ್ಲಿ ಪತ್ನಿಯರೆಷ್ಟು ಎಂದು ಯಾರೂ ಕಾಗದ ಕೇಳಿರಲಿಲ್ಲ. ವಿದೇಶದ ಕಚೇರಿಯು ಈಗ ನಮ್ಮ ಹುಡುಗರಿಂದ ದಾಖಲೆ ಕೇಳಿದಾಗ ಕಿರಿಕಿರಿ ಎನಿಸುವುದು ಸಹಜ. ಆದರೆ ಅಂದು ಅದೇ ಕಾಗದವನ್ನು ನಾವು ಕೇಳಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಐದು ನಿಮಿಷದಲ್ಲಿ ಪತ್ರ ಕೊಟ್ಟ ಇದೇ ಜಮಾಅತ್, ಇನ್ನೊಬ್ಬರಿಗೆ ತಿಂಗಳುಗಟ್ಟಲೆ ಪತ್ರ ಕೊಡಲಾಗದೆ ಕೈಚೆಲ್ಲಿತು. ಅದೂ ನಮ್ಮ ಮೊಹಲ್ಲಾದ ಹೆಣ್ಣುಮಗಳೇ.

ಆಕೆಗೆ ಎಂಟು ವರ್ಷಗಳ ಹಿಂದೆ ತಲಾಖ್ ಆಗಿತ್ತು. ಎರಡೂ ಕಡೆಯ ಹಿರಿಯರು ಕುಳಿತು ಮಾತನಾಡಿ, ಹೊಂದಾಣಿಕೆ ಸಾಧ್ಯವಾಗದೆ, ಪತಿ ಒಂದು ತಲಾಖ್ ನೀಡಿದ್ದ, ಇದ್ದತ್ ಮುಗಿಯಿತು, ಚಿನ್ನ ವಾಪಸಾಯಿತು. ಊರಿಗೆಲ್ಲ ಗೊತ್ತಿರುವ ಸಂಗತಿ. ಮಸ್ಕತ್‌ನಲ್ಲಿ ಕೆಲಸದಲ್ಲಿದ್ದ, ಪತ್ನಿಯನ್ನು ಕಳೆದುಕೊಂಡು ಇಬ್ಬರು ಮಕ್ಕಳೊಂದಿಗಿದ್ದ ಒಬ್ಬರಿಂದ ಪ್ರಸ್ತಾಪ ಬಂತು. ಅವರಿಗೆ ರಜೆ ಇಲ್ಲದ ಕಾರಣ ನಿಕಾಹ್ ಅಲ್ಲಿಯೇ ನಡೆಯಬೇಕಿತ್ತು. ಅವರು ತಮ್ಮ ಪತ್ನಿಯ ಮರಣ ಪ್ರಮಾಣಪತ್ರವನ್ನು ಒಂದೇ ದಿನದಲ್ಲಿ ಕಳುಹಿಸಿದರು. ಆಕೆಯಿಂದ ಕೇಳಿದ್ದು ತಲಾಖ್‌ನ ದಾಖಲೆ. ನಮ್ಮ ಪುಸ್ತಕ ತೆಗೆದು ನೋಡಿದರೆ ನಿಕಾಹ್‌ನ ಪುಟವಿದೆ: ದಿನಾಂಕ, ಮಹರ್, ವಲಿಯ್, ಇಬ್ಬರು ಸಾಕ್ಷಿಗಳು ಎಲ್ಲ ಅಚ್ಚುಕಟ್ಟು. ತಲಾಖ್‌ಗೆ ಪುಟವೇ ಇಲ್ಲ. ನಮ್ಮ ದಾಖಲೆಯ ಪ್ರಕಾರ ಆಕೆ ಇಂದಿಗೂ ಆತನ ಪತ್ನಿ.

ಮಾಜಿ ಪತಿ ಊರು ಬಿಟ್ಟಿದ್ದ. ಹುಡುಕಿ ಮಾತನಾಡಿಸಿದರೆ, ತಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಎಂದ. ನಾವು ಪತ್ರ ಬರೆದರೂ ಅದರ ಮೌಲ್ಯವೆಷ್ಟು? 1880ರ ಖಾಝಿಗಳ ಕಾಯ್ದೆಯು ಖಾಝಿಗೆ ನ್ಯಾಯಾಂಗದ ಅಧಿಕಾರ ಕೊಟ್ಟಿಲ್ಲ. ಖಾಝಿಯ ತಲಾಖ್ ಪ್ರಮಾಣಪತ್ರವು ಕೇವಲ ಅಭಿಪ್ರಾಯವೆಂದು ಮದ್ರಾಸ್ ಹೈಕೋರ್ಟ್ 2017ರಲ್ಲಿಯೇ ಹೇಳಿದೆ. 2023ರಲ್ಲಿ ಅದೇ ನ್ಯಾಯಾಲಯ ಖಾಸಗಿ ಸಂಸ್ಥೆಗಳು ನೀಡುವ ಖುಲಾ ಪ್ರಮಾಣಪತ್ರಕ್ಕೂ ಮಾನ್ಯತೆಯಿಲ್ಲವೆಂದಿತು. ವಕೀಲರು ತೋರಿಸಿದ ದಾರಿ ಒಂದೇ: 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಡಿ ವೈವಾಹಿಕ ಸ್ಥಿತಿಯ ಘೋಷಣೆಗಾಗಿ ದಾವೆ ಹೂಡುವುದು. ನಮ್ಮ ರಾಜ್ಯದಲ್ಲಂತೂ ಸ್ಥಿತಿ ಇನ್ನೂ ಗೊಂದಲಮಯ. ಮುಸ್ಲಿಮ್ ದಂಪತಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು 2023ರ ಆಗಸ್ಟ್‌ನಲ್ಲಿ ಸರಕಾರವು ವಕ್ಫ್ ಮಂಡಳಿಯ ಜಿಲ್ಲಾ ಕಚೇರಿಗಳಿಗೆ ಕೊಟ್ಟಿತು, 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ವಿವಾಹದ್ದೇ ಹೀಗಾದರೆ ವಿಚ್ಛೇದನದ ಪಾಡೇನು.

ಇಲ್ಲಿ ಒಂದು ಅನ್ಯಾಯವನ್ನು ಗಮನಿಸಬೇಕು. ಪತ್ನಿಯನ್ನು ಮರೆಮಾಚಿದ ಪುರುಷನನ್ನು ದ್ವಿವಿವಾಹದ ಕಲಮು ಮುಟ್ಟುವುದಿಲ್ಲ. ಅದೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 82ನೇದು, ಮುಸ್ಲಿಮ್ ಮಹಿಳೆಗೆ ಪೂರ್ಣವಾಗಿ ಅನ್ವಯಿಸುತ್ತದೆ. ತಲಾಖ್ ಆದದ್ದನ್ನು ಸಾಬೀತುಪಡಿಸಲಾಗದೆ ಮರುವಿವಾಹವಾದರೆ, ದ್ವೇಷವಿರುವ ಮಾಜಿ ಪತಿಯ ಒಂದು ದೂರು ಸಾಕು ಆಕೆಯನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸಲು. ದಾಖಲೆಯ ಅಭಾವ ಗಂಡಿಗೆ ಅವಕಾಶವಾಗುತ್ತದೆ, ಹೆಣ್ಣಿಗೆ ಸಂಕೋಲೆಯಾಗುತ್ತದೆ.

ಅಲ್ಲಾಹನ ಗ್ರಂಥ ಇದಕ್ಕೆ ಎಡೆಗೊಟ್ಟಿದೆಯೇ? ಇದ್ದತ್ ಮುಗಿಸಿದ ಮಹಿಳೆಯರು ಮತ್ತೆ ವಿವಾಹವಾಗುವುದನ್ನು ತಡೆಯಬೇಡಿ ಎಂದು ಅಲ್‌ಬಕರಃ ಅಧ್ಯಾಯ (2: 232) ಸಮಾಜಕ್ಕೆ ಆಜ್ಞಾಪಿಸಿದೆ. ತಡೆಯುವುದೆಂದರೆ ಬಾಗಿಲು ಮುಚ್ಚಿ ಕೂಡಿಹಾಕುವುದು ಮಾತ್ರವಲ್ಲ, ಒಂದು ಕಾಗದವನ್ನು ಬರೆದಿಡದೆ ಇರುವುದೂ ತಡೆಯೇ. ಪತ್ನಿಯನ್ನು ಉಳಿಸಿಕೊಳ್ಳುವಾಗಲೂ ಬೀಳ್ಕೊಡುವಾಗಲೂ ನಿಮ್ಮಲ್ಲಿನ ಇಬ್ಬರು ನ್ಯಾಯವಂತರನ್ನು ಸಾಕ್ಷಿಯಾಗಿಸಿರಿ ಎಂದು ಅತ್ತಲಾಕ್ ಅಧ್ಯಾಯ (65: 2) ನಿರ್ದೇಶಿಸಿದೆ. ಸಾಲದ ವ್ಯವಹಾರವನ್ನು ಬರೆದಿಡುವ ವಿಧಾನಕ್ಕಾಗಿ ಕುರ್‌ಆನಿನ ಅತಿ ದೀರ್ಘ ವಚನವೇ (2: 282) ಮೀಸಲಾಗಿದೆ. ಇಷ್ಟನ್ನು ಪಾರಾಯಣ ಮಾಡುವ ಸಮುದಾಯದ ಮಸೀದಿಯಲ್ಲಿ ಮಾಸಿಕ ವಂತಿಗೆಯ ಬಾಕಿ ಹತ್ತು ವರ್ಷ ಹಿಂದಿನದೂ ಸಿಗುತ್ತದೆ, ತಲಾಖ್‌ನ ದಿನಾಂಕ ಸಿಗುವುದಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ಆ ವಂತಿಗೆಯ ಲೆಕ್ಕ ಬರೆಯುವವನೂ ನಾನೇ.

ಮಸ್ಕತ್‌ನವರು ಏಳು ತಿಂಗಳು ಕಾದರು. ಮಕ್ಕಳು ಚಿಕ್ಕವರು, ಇನ್ನು ಕಾಯಲಾಗದೆಂದು ಕ್ಷಮೆ ಕೇಳಿ ಬೇರೆ ಸಂಬಂಧ ನೋಡಿಕೊಂಡರು. ಅವರನ್ನು ದೂರುವಂತಿಲ್ಲ. ಆಕೆಯ ದಾವೆಯಲ್ಲಿ ಆದೇಶ ಬಂದದ್ದು ಹನ್ನೊಂದನೆಯ ತಿಂಗಳಲ್ಲಿ.

ಆ ಬಳಿಕ ನಮ್ಮ ಕಮಿಟಿಯಲ್ಲಿ ಕೆಲವು ಬದಲಾವಣೆಗಳಾದವು. ದೊಡ್ಡ ಸುಧಾರಣೆಯೆಂದು ಕರೆಯುವಂಥದ್ದೇನಲ್ಲ. ಅವಿವಾಹಿತನೆಂಬ ಪತ್ರ ಕೇಳಿದವರು ಈಗ ಸ್ವತಃ ಬರಬೇಕು, ವಿದೇಶದಲ್ಲಿದ್ದರೆ ವಿಡಿಯೊ ಕರೆಯಲ್ಲಿ ಖತೀಬರ ಮತ್ತು ಇಬ್ಬರು ಸದಸ್ಯರ ಮುಂದೆ ತಮ್ಮ ಬಾಯಿಂದಲೇ ಹೇಳಬೇಕು. ಹಿಂದೆ ನಿಕಾಹ್ ಆಗಿತ್ತೇ, ಆಗಿದ್ದರೆ ಹೇಗೆ ಕೊನೆಗೊಂಡಿತು, ಈಗ ಪತ್ನಿ ಇದ್ದಾಳೆಯೇ ಎಂಬ ಮೂರು ಪ್ರಶ್ನೆಗಳು. ವಿದೇಶದಲ್ಲಿ ಕೆಲಸ ಮಾಡಿದ ಊರಿನ ಇಬ್ಬರು ಪರಿಚಿತರ ಹೆಸರನ್ನು ಕೊಡಬೇಕು, ನಾವು ಅವರಿಗೆ ಕರೆ ಮಾಡುತ್ತೇವೆ. ಪತ್ರದ ಭಾಷೆಯನ್ನೂ ತಿದ್ದಿದ್ದೇವೆ. ‘ವಿವಾಹವಾಗಿರುವುದಿಲ್ಲ’ ಎಂದು ಬರೆಯುವುದಿಲ್ಲ. ಇಂತಹ ದಿನಾಂಕದವರೆಗಿನ ನಮ್ಮ ಪುಸ್ತಕದಲ್ಲಿ ಇವರ ನಿಕಾಹ್ ದಾಖಲಾಗಿಲ್ಲ, ಇವರು ನಮ್ಮ ಮುಂದೆ ಹೀಗೆ ಹೇಳಿಕೆ ನೀಡಿದ್ದಾರೆ, ನಾವು ಇಂಥವರಲ್ಲಿ ವಿಚಾರಿಸಿದ್ದೇವೆ ಎಂದು ಬರೆಯುತ್ತೇವೆ. ನಮಗೆ ತಿಳಿದಿರುವುದು ಅಷ್ಟೇ. ನಮ್ಮ ಹುಡುಗ ಹೊರಗಿನ ಮೊಹಲ್ಲಾದಲ್ಲಿ ನಿಕಾಹ್ ಆದರೆ ಆ ಜಮಾಅತ್ ನಮಗೆ ಒಂದು ಸಾಲು ತಿಳಿಸಬೇಕೆಂದು ಸುತ್ತಲಿನವರಿಗೆ ಪತ್ರ ಬರೆದಿದ್ದೇವೆ. ಕೆಲವರು ಒಪ್ಪಿದ್ದಾರೆ, ಕೆಲವರು ಉತ್ತರಿಸಿಲ್ಲ. ನಿಕಾಹ್ ಆದ ಪ್ರತಿಯೊಬ್ಬರಿಗೂ ಸರಕಾರಿ ನೋಂದಣಿ ಮಾಡಿಸಿಕೊಳ್ಳಲು, ಪಾಸ್‌ಪೋರ್ಟಿನಲ್ಲಿ ಹೆಸರು ಸೇರಿಸಲು ಹೇಳುತ್ತಿದ್ದೇವೆ. ಈ ನಿಯಮಗಳಿಂದ ಸಿಟ್ಟಾಗಿ ‘ಪಕ್ಕದ ಊರಿನಲ್ಲಿ ಕೇಳಿದ ಕೂಡಲೇ ಕೊಡುತ್ತಾರೆ’ ಎಂದು ಎದ್ದು ಹೋದವರೂ ಇದ್ದಾರೆ. ಹೋಗಲಿ. ಪ್ರಾಮಾಣಿಕ ಯುವಕರು ಈವರೆಗೆ ಯಾರೂ ಬೇಸರಿಸಿಲ್ಲ. ತಮ್ಮ ಪತ್ರಕ್ಕೆ ಬೆಲೆ ಬರುವುದು ಹೀಗೆಯೇ ಎಂದು ಅವರಿಗೆ ಗೊತ್ತು.

ನಿಕಾಹ್ ಪುಸ್ತಕಕ್ಕೆ ತಲಾಖ್, ಖುಲಾ ಮತ್ತು ಮರಣದ ಅಂಕಣಗಳನ್ನು ಸೇರಿಸಿದ್ದೇವೆ. ಹಳೆಯ ಪ್ರಕರಣಗಳನ್ನೂ ಒಂದೊಂದಾಗಿ ತುಂಬುವ ಕೆಲಸ ನಡೆದಿದೆ. ಮೊದಲು ಬರೆದದ್ದು ಆ ಸಹೋದರಿಯದೇ. ನ್ಯಾಯಾಲಯದ ಆದೇಶದ ಸಂಖ್ಯೆ, ಅದರ ದಿನಾಂಕ ಬರೆದೆವು. ತಲಾಖ್‌ನ ದಿನಾಂಕ ಬರೆಯಲು ಹೋದಾಗ, ಅಂದಿನ ಮಾತುಕತೆಯಲ್ಲಿ ಕುಳಿತಿದ್ದ ಐವರು ಹಿರಿಯರನ್ನು ಕರೆಸಿ ಕೇಳಿದೆವು. ಇಬ್ಬರು ರಜಬ್ ಎಂದರು, ಇಬ್ಬರು ಶಅಬಾನ್ ಎಂದರು, ಒಬ್ಬರಿಗೆ ನೆನಪೇ ಇರಲಿಲ್ಲ. ಆ ಚೌಕವನ್ನು ಖಾಲಿ ಬಿಟ್ಟಿದ್ದೇವೆ.